ಬೇರಿನೊಳಗೆ ಉಬ್ಬುಗಳಿವೆ, ಅರ್ಬಸ್ಕ್ಯೂಲ್ ಇಲ್ಲ: ಇದು ಮೈಕೊರೈಜಾ ಹೌದೇ?

ಪ್ರಶ್ನೆ:
ಮೆಕ್ಕೆಜೋಳದ ಎಳೆಬೇರುಗಳನ್ನು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿಮಾಡಿ, ತೊಳೆದು, ಆಮ್ಲದಲ್ಲಿಟ್ಟು, ಟ್ರಿಪಾನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ತೊಗಟೆಯ ಕೋಶಗಳ ನಡುವೆ ನೀಲಿ ಎಳೆಗಳೂ ಅಲ್ಲಲ್ಲಿ ದುಂಡನೆಯ ಉಬ್ಬುಗಳೂ ಕಾಣುತ್ತಿವೆ. ಮರದಂತೆ ಕವಲೊಡೆದ ಅರ್ಬಸ್ಕ್ಯೂಲ್ ಮಾತ್ರ ಒಂದೂ ಸಿಗಲಿಲ್ಲ. ಇದನ್ನು ಅರ್ಬಸ್ಕ್ಯುಲರ್ ಮೈಕೊರೈಜಾ (ಬೇರು ಮತ್ತು ಶಿಲೀಂಧ್ರದ ಸಹಜೀವನ) ಎಂದು ದಾಖಲಿಸಬಹುದೇ? ಪ್ರಭೇದವನ್ನೂ ಇಷ್ಟರಿಂದಲೇ ಹೇಳಬಹುದೇ?

ಉತ್ತರ 1:
ಉಬ್ಬುಗಳಿಗಿಂತ ಮೊದಲು ಎಳೆಗಳನ್ನು ನೋಡಿ. ಅರ್ಬಸ್ಕ್ಯುಲರ್ ಶಿಲೀಂಧ್ರದ ಜೀವಂತ ಎಳೆಗಳಲ್ಲಿ ಸಾಮಾನ್ಯವಾಗಿ ಅಡ್ಡಗೋಡೆಗಳು ಇರುವುದಿಲ್ಲ. ಹಳೆಯದಾಗಿ ಬರಿದಾದ ಎಳೆಗಳಲ್ಲಿ ಮಾತ್ರ ಅವು ಅಲ್ಲಲ್ಲಿ ಮೂಡುತ್ತವೆ. ನಿಯಮಿತ ಅಂತರದಲ್ಲಿ ಅಡ್ಡಗೋಡೆಗಳಿದ್ದು, ಬಣ್ಣ ಹಾಕುವ ಮೊದಲೇ ಎಳೆ ಕಂದಾಗಿದ್ದರೆ, ಅದು ಬೇರಿನಲ್ಲಿ ವಾಸಿಸುವ ಬೇರೊಂದು ಶಿಲೀಂಧ್ರ ಗುಂಪು. ಅದರ ಒತ್ತೊತ್ತಾದ ಕೋಶಗುಚ್ಛಗಳನ್ನು ಅವಸರದಲ್ಲಿ ವೆಸಿಕಲ್ (ಮೈಕೊರೈಜಾ ಶಿಲೀಂಧ್ರದ ಉಬ್ಬು) ಎಂದು ಎಣಿಸಿಬಿಡುವ ಅಪಾಯವಿದೆ.

ಉತ್ತರ 2:
ಮೇಲಿನ ಮಾತಿಗೆ ಒಂದನ್ನು ಸೇರಿಸುತ್ತೇನೆ. ವೆಸಿಕಲ್ ಎಂದರೆ ಎಳೆಯ ತುದಿಯೋ ನಡುಭಾಗವೋ ಊದಿಕೊಂಡು ಕೊಬ್ಬನ್ನು ತುಂಬಿಕೊಂಡ ಚೀಲವಾದ್ದರಿಂದ, ಫೋಕಸ್ ತಿರುಗಿಸುತ್ತಾ ಹೋದರೆ ಅದಕ್ಕೆ ಎಳೆ ಸೇರುವ ಜಾಗ ಎಲ್ಲಾದರೂ ಕಾಣಲೇಬೇಕು. ಓಲ್ಪಿಡಿಯಂ ಎಂಬ ಪರಾವಲಂಬಿಯ ಬೀಜಕಗಳು ಕೋಶದೊಳಗೆ ಒಂಟಿಯಾಗಿ ಕೂತಿರುತ್ತವೆ, ಅವಕ್ಕೆ ಎಳೆಯೇ ಇರುವುದಿಲ್ಲ. ವೆಸಿಕಲ್ ಇಲ್ಲದಿದ್ದರೆ ಮೈಕೊರೈಜಾ ಇಲ್ಲವೆಂದೂ ಅಲ್ಲ: ಗಿಗಾಸ್ಪೋರಾ ಎಂಬ ಮೈಕೊರೈಜಾ ಶಿಲೀಂಧ್ರ ಬೇರಿನೊಳಗೆ ವೆಸಿಕಲ್‌ಗಳನ್ನು ರೂಪಿಸುವುದೇ ಇಲ್ಲ.

ಪ್ರಶ್ನೆ ಕೇಳಿದವರು:
ಮತ್ತೆ ನೋಡಿದೆ. ಅಡ್ಡಗೋಡೆಗಳಿಲ್ಲ, ಉಬ್ಬುಗಳಿಗೆ ಎಳೆಗಳು ಸೇರಿರುವುದೂ ಸ್ಪಷ್ಟವಾಗಿದೆ. ಹಾಗಾದರೆ ಅರ್ಬಸ್ಕ್ಯೂಲ್ ಎಲ್ಲಿ ಹೋಯಿತು?

ಉತ್ತರ 3:
ಅರ್ಬಸ್ಕ್ಯೂಲ್‌ನ ಆಯಸ್ಸು ಕೆಲವೇ ದಿನಗಳದ್ದು. ಅದು ಕುಸಿದು ಕರಗಿದ ಮೇಲೂ ವೆಸಿಕಲ್ ಉಳಿಯುತ್ತದೆ. ಆದ್ದರಿಂದ ನಿಮ್ಮ ತುಣುಕುಗಳು ಬೇರಿನ ಹಳೆಯ ಭಾಗದವಾಗಿರಬಹುದು. ಬೇರಿನ ತುದಿಯಿಂದ ಸ್ವಲ್ಪವೇ ಹಿಂದಿನ ಹೊಸ ಭಾಗವನ್ನು ತೆಗೆದು, ತೊಗಟೆಯ ಒಳಪದರದ ಕೋಶಗಳನ್ನು ಹೆಚ್ಚಿನ ವರ್ಧನೆಯಲ್ಲಿ ಹುಡುಕಿ. ಕೆಲವು ಸಸ್ಯಗಳಲ್ಲಿ ಎಳೆಗಳು ಕೋಶದಿಂದ ಕೋಶಕ್ಕೆ ಸುರುಳಿ ಸುತ್ತಿಕೊಂಡೇ ಸಾಗಿ, ಆ ಸುರುಳಿಗಳ ಮೇಲೆ ಚಿಕ್ಕ ಕವಲುಗಳನ್ನಷ್ಟೇ ಬಿಡುತ್ತವೆ ಎಂಬುದೂ ನೆನಪಿರಲಿ. ಸಂಶೋಧಕ ಗಲ್ಲೋ 1905ರಲ್ಲೇ ಕೋಶಗಳ ನಡುವೆ ಸಾಗುವ ಬಗೆ, ಹೀಗೆ ಸುರುಳಿ ಸುತ್ತುವ ಬಗೆ ಎರಡನ್ನೂ ಕ್ರಮವಾಗಿ ಆರಂ ಮತ್ತು ಪ್ಯಾರಿಸ್ ಎಂಬ ಸಸ್ಯಗಳ ಹೆಸರಿನಲ್ಲಿ ಬೇರ್ಪಡಿಸಿದ್ದರು. ಯಾವ ಬಗೆ ಮೂಡುತ್ತದೆ ಎಂಬುದರಲ್ಲಿ ಆಶ್ರಯ ಸಸ್ಯದ ಪಾತ್ರವೂ ದೊಡ್ಡದು. ಹಾಗಾಗಿ ಅದೊಂದರಿಂದಲೇ ಶಿಲೀಂಧ್ರದ ಹೆಸರು ಹೇಳಲಾಗದು.

ಪ್ರಭೇದಕ್ಕಾಗಿ ಮಣ್ಣಿನ ಬೀಜಕಗಳ ಗೋಡೆಯ ಪದರಗಳನ್ನು ಪರೀಕ್ಷಿಸಬೇಕು ಇಲ್ಲವೇ ಬೇರಿನಿಂದಲೇ ಡಿಎನ್‌ಎ ತೆಗೆದು ನೋಡಬೇಕು. ಅಲ್ಲಿಯವರೆಗೆ ದಾಖಲೆಯಲ್ಲಿ "ಅಡ್ಡಗೋಡೆಯಿಲ್ಲದ ಎಳೆ, ವೆಸಿಕಲ್ ಇದೆ, ಅರ್ಬಸ್ಕ್ಯೂಲ್ ಕಂಡಿಲ್ಲ" ಎಂದು ಕಂಡಷ್ಟನ್ನೇ ಬರೆಯಿರಿ.