ಅಪ್‌ಡೇಟ್: ನನ್ನ ವಾಟ್ಸಾಪ್ ಕದ್ದು ಓದಿದವರಿಂದ ಪರಿಹಾರ ಕೇಳಬಹುದಾ?

ಹೋದ ತಿಂಗಳು ಕೇಳಿದ್ದೆ. ಕಾಫಿ ತೋಟದಲ್ಲಿ ಪಾಲಿರುವ ದಾಯಾದಿಯೊಬ್ಬರು ನನ್ನ ವಾಟ್ಸಾಪನ್ನು ತಮ್ಮ ಲ್ಯಾಪ್‌ಟಾಪ್‌ಗೆ ಲಿಂಕ್ ಮಾಡಿಕೊಂಡು, ವ್ಯಾಪಾರಿ ಜೊತೆಗಿನ ಮಾತೆಲ್ಲ ಓದುತ್ತಿದ್ದರು. ಪೊಲೀಸ್ ಕೇಸ್ ಬಿಟ್ಟು ಬೇರೆ ದಾರಿ ಇದೆಯಾ ಅಂತ.

ಮಡಿಕೇರಿಯಲ್ಲಿ ವಕೀಲರನ್ನು ಕಂಡೆ. ಇದೆಯಂತೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ, ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಫೋನು, ಕಂಪ್ಯೂಟರ್ ಒಳಹೊಕ್ಕು ಮಾಹಿತಿ ನಕಲು ಮಾಡಿಕೊಂಡರೆ ಪರಿಹಾರ ಕೊಡಬೇಕು. ನಾನು ಸಿವಿಲ್ ಕೋರ್ಟ್ ಅಂದುಕೊಂಡಿದ್ದೆ. ಅಲ್ಲ. 5 ಕೋಟಿ ರೂಪಾಯಿವರೆಗಿನ ಕ್ಲೇಮ್ ವಿಚಾರಿಸುವುದು ಅಡ್ಜುಡಿಕೇಟಿಂಗ್ ಆಫೀಸರ್, ಅಂದರೆ ರಾಜ್ಯದ ಐಟಿ ಇಲಾಖೆ ಕಾರ್ಯದರ್ಶಿ. ಇನ್ನು ಬೆಂಗಳೂರಿಗೆ ಓಡಾಟ, ಅದೂ ಈ ಮಳೆಯಲ್ಲಿ!

ಸಾಕ್ಷಿಯದ್ದೇ ದೊಡ್ಡ ತಲೆನೋವು. ಕೋಪದಲ್ಲಿ ನಾನು ಆ ಲಿಂಕನ್ನು ತೆಗೆದುಬಿಟ್ಟಿದ್ದೆ. ಪುಣ್ಯಕ್ಕೆ ಮಗಳು ಅದಕ್ಕೂ ಮುಂಚೆ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದಳು. ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ ಸರ್ಟಿಫಿಕೇಟ್ ಬೇಕು, ಅಂದರೆ ಡಿಜಿಟಲ್ ಸಾಕ್ಷಿಯನ್ನು ದೃಢೀಕರಿಸುವ ಪತ್ರ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಅಂತ ಕೇಳಿದ್ದೀರಲ್ವಾ, ಅದರ ಜಾಗದಲ್ಲಿ ಬಂದದ್ದು. ಸುಮ್ನೆ ಓದಿದರು ಅಂದರೆ ಸಾಲದು, ನಷ್ಟದ ಲೆಕ್ಕವನ್ನೂ ತೋರಿಸಿ ಅಂದರು ವಕೀಲರು.

ನೋಟಿಸ್ ಹೋಗಿದೆ. ಹುತ್ತರಿ ಹಬ್ಬಕ್ಕೆ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಕೂತು ಮಾತಾಡೋಣ ಅಂತ ಆ ದಾಯಾದಿ ಹೇಳಿಕಳಿಸಿದ್ದಾರೆ.