ವೈಕಿಂಗ್ ಸಮಾಜದಲ್ಲಿ ಹೆಣ್ಣು: ಕತ್ತಿ ಹಿಡಿದವಳ ಕತೆ ಎಷ್ಟು ನಿಜ?

ಕಡಲಹಕ್ಕಿ ಕೇಳಿದ್ದು:

ವೈಕಿಂಗರ ಮೇಲಿನ ಧಾರಾವಾಹಿಗಳಲ್ಲಿ ಪ್ರತಿ ಹಡಗಿನಲ್ಲೂ ಗುರಾಣಿ ಹಿಡಿದ ಹೆಂಗಸರು ಕಾಣುತ್ತಾರೆ. ನನ್ನ ಬಳಿ ಇರುವ ಹಳೆಯ ಇತಿಹಾಸದ ಪುಸ್ತಕದಲ್ಲಾದರೆ ಹೆಂಗಸರ ವಿಷಯ ಅಡುಗೆ ಮತ್ತು ಒಡವೆಗಳ ಒಂದೇ ಪುಟದಲ್ಲಿ ಮುಗಿಯುತ್ತದೆ. ಸ್ವೀಡನ್ನಿನ ಬಿರ್ಕಾದಲ್ಲಿ ಯೋಧೆಯ ಸಮಾಧಿ ಸಿಕ್ಕಿತು ಎಂಬ ಸುದ್ದಿಯನ್ನೂ ಓದಿದ್ದೇನೆ. ನಮ್ಮ ಓದುಗರ ಬಳಗದಲ್ಲಿ ಈ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೇನೆ. ಹೆಂಗಸರು ನಿಜಕ್ಕೂ ಯುದ್ಧಕ್ಕೆ ಹೋಗುತ್ತಿದ್ದರೇ? ಆಸ್ತಿ, ವಿಚ್ಛೇದನದಂತಹ ಹಕ್ಕುಗಳು ಅವರಿಗೆ ಇದ್ದವೇ? ತಿಳಿದವರು ಹೇಳಬೇಕು.

ಹಳೆಲಿಪಿ:

ಬಿರ್ಕಾದ ವಿಷಯ ಹೇಳುತ್ತೇನೆ. ಮೆಲಾರೆನ್ ಸರೋವರದ ಬ್ಯೋರ್ಕೊ ದ್ವೀಪದಲ್ಲಿ ಪುರಾತತ್ತ್ವಜ್ಞ ಯಾಲ್ಮಾರ್ ಸ್ಟೋಲ್ಪೆ 1878ರಲ್ಲಿ ಆ ಸಮಾಧಿಯನ್ನು ಅಗೆದರು. ಅದರ ಸಂಖ್ಯೆ ಬಿಜೆ 581, ಕಾಲ ಹತ್ತನೆಯ ಶತಮಾನ. ಕತ್ತಿ, ಕೊಡಲಿ, ಈಟಿ, ಬಾಣಗಳು, ಎರಡು ಗುರಾಣಿ, ಎರಡು ಕುದುರೆ, ಜೊತೆಗೆ ಪಗಡೆಯಂತಹ ಆಟದ ಕಾಯಿಗಳು ಸಿಕ್ಕವು. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಗಂಡಸಿನ ಸಮಾಧಿ ಎಂದೇ ದಾಖಲಾಗಿತ್ತು. ಮೂಳೆಗಳು ಹೆಣ್ಣಿನವು ಎಂದು 2017ರಲ್ಲಿ ಡಿಎನ್ಎ ಪರೀಕ್ಷೆ ಖಚಿತಪಡಿಸಿತು.

ಆದರೆ ಆಯುಧ ಪಕ್ಕದಲ್ಲಿದ್ದ ಮಾತ್ರಕ್ಕೆ ಅವಳು ಯುದ್ಧ ಮಾಡಿದ್ದಳು ಎನ್ನಲಾಗದು. ಮೂಳೆಗಳ ಮೇಲೆ ಆಯುಧದ ಗಾಯದ ಗುರುತು ಕಂಡಿಲ್ಲ. ಜುಡಿತ್ ಜೆಶ್ ಅವರಂತಹ ವಿದ್ವಾಂಸರು ಅವಳು ಯೋಧೆ ಎಂಬ ಆ ಸಂಶೋಧನೆಯ ತೀರ್ಮಾನವನ್ನು ಗಟ್ಟಿಯಾಗಿಯೇ ಪ್ರಶ್ನಿಸಿದ್ದಾರೆ. ನನಗೂ ಅವರ ಎಚ್ಚರಿಕೆ ಸರಿಯೆನಿಸುತ್ತದೆ.

ಮಗ್ಗದಾಕೆ:

ಹಳೆಲಿಪಿ ಅವರೇ, ಎಚ್ಚರಿಕೆ ಬೇಕು, ಒಪ್ಪುತ್ತೇನೆ. ಆದರೆ ಅದೇ ಎಚ್ಚರಿಕೆ 1878ರಿಂದ ಎಲ್ಲಿತ್ತು? ಇದೇ ಕತ್ತಿ, ಇದೇ ಕುದುರೆಗಳ ನಡುವೆ ಇದ್ದದ್ದು ಗಂಡಸು ಎಂದು ನಂಬಿದ್ದಷ್ಟು ಕಾಲ ಅವನು ಯೋಧನೋ ಅಲ್ಲವೋ ಎಂದು ಯಾರೂ ಗಾಯ ಹುಡುಕಲಿಲ್ಲ. ಯುದ್ಧದಲ್ಲಿ ಸಾಯದೆ, ಗಾಯಗೊಳ್ಳದೆ ಬಾಳಿದ ಸೈನಿಕರು ಎಲ್ಲ ಕಾಲದಲ್ಲೂ ಇದ್ದಾರೆ. ಆ ಸಮಾಧಿ ಇದ್ದದ್ದು ಬಿರ್ಕಾದ ಕೋಟೆಯ ಮಗ್ಗುಲಲ್ಲಿ, ಕಾವಲುಪಡೆ ತಂಗುತ್ತಿದ್ದ ಜಾಗಕ್ಕೆ ಹತ್ತಿರ. ಅವಳು ಯೋಧೆಯಾಗಿದ್ದಳು ಎಂದೇ ನಾನು ನಂಬುತ್ತೇನೆ. ಆದರೆ ಒಬ್ಬಳಿಂದ ಒಂದು ಸೇನೆಯನ್ನೇ ಕಟ್ಟಿಬಿಡುವುದಕ್ಕೆ ಮಾತ್ರ ನನ್ನ ವಿರೋಧವಿದೆ.

ಬರಹದ ಸಾಕ್ಷ್ಯಗಳೂ ಇವೆ, ಅಳೆದು ನೋಡಬೇಕಾದಂಥವು. 971ರಲ್ಲಿ ದೊರೊಸ್ತೊಲೊನ್ ಕೋಟೆಯ ಬಳಿ ರುಸ್ ಜನರ (ಪೂರ್ವ ಯುರೋಪಿನಲ್ಲಿ ನೆಲೆಸಿದ್ದ ವೈಕಿಂಗ್ ಮೂಲದವರು) ದೊರೆ ಸ್ವ್ಯಾತೊಸ್ಲಾವ್‌ನ ಪಡೆ ಬೈಜಾಂಟಿಯನ್ನರೊಡನೆ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದವರೊಡನೆ, ಕಾದಾಡಿತು. ಸತ್ತವರ ಮೈಮೇಲಿನ ಬಟ್ಟೆ ಬಿಚ್ಚುವಾಗ ಗಂಡಸರ ಉಡುಪಿನ ಹೆಂಗಸರು ಸಿಕ್ಕರು ಎಂದು ಬೈಜಾಂಟಿಯನ್ ಇತಿಹಾಸಕಾರ ಜಾನ್ ಸ್ಕಿಲಿಟ್ಸೆಸ್ ಬರೆದಿದ್ದಾನೆ. ಅವನು ಬರೆದದ್ದು ನೂರು ವರ್ಷದ ನಂತರ. ಧಾರಾವಾಹಿಗಳು ಹಾಡಿ ಹೊಗಳುವ ಯೋಧೆ ಲಾಗರ್ಥಾಳ ಕತೆ ಡೆನ್ಮಾರ್ಕಿನ ಸ್ಯಾಕ್ಸೊ ಎಂಬ ಪಾದ್ರಿಯ ಗ್ರಂಥದ್ದು. ಅದು ರೂಪುಗೊಂಡದ್ದು 1200ರ ಸುಮಾರಿಗೆ, ವೈಕಿಂಗ್ ಯುಗ ಮುಗಿದು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅದರ ಮೇಲೆ ಭಾರ ಹಾಕಬೇಡಿ.

ಈಗ ನನ್ನ ಮನಸ್ಸಿಗೆ ಹತ್ತಿರದ ಮಾತು. ನಾನು ಕೈಮಗ್ಗದಲ್ಲಿ ನೇಯುವವಳು, ಆದ್ದರಿಂದ ವೈಕಿಂಗ್ ಹಡಗಿನ ಚಿತ್ರ ನೋಡಿದಾಗ ನನ್ನ ಕಣ್ಣು ಮೊದಲು ಹಾಯಿಯ ಮೇಲೆ ಹೋಗುತ್ತದೆ. ಅದು ಉಣ್ಣೆಯದು. ಕುರಿಯ ತುಪ್ಪಟ ಬಿಡಿಸಿ, ಹಿಕ್ಕಿ, ಕೈಯಲ್ಲಿ ಕದಿರು ತಿರುಗಿಸಿ ನೂಲು ತೆಗೆಯಬೇಕಿತ್ತು. ರಾಟೆ ಅವರಲ್ಲಿ ಇರಲಿಲ್ಲ. ಮಗ್ಗವನ್ನು ಗೋಡೆಗೆ ಒರಗಿಸಿ, ಹಾಸಿನ ಎಳೆಗಳ ತುದಿಗೆ ಕಲ್ಲು ಅಥವಾ ಸುಟ್ಟ ಮಣ್ಣಿನ ಬಿಲ್ಲೆ ಕಟ್ಟಿ ಇಳಿಬಿಡುತ್ತಿದ್ದರು. ನೇಯುವವಳು ದಿನವಿಡೀ ನಿಂತೇ ಇರಬೇಕು, ಹೊಕ್ಕನ್ನು ಮೇಲ್ಮುಖವಾಗಿ ಬಡಿಯಬೇಕು. ಭುಜ ಕಳಚಿಹೋಗುವ ಕೆಲಸ ಅದು. ಒಂದು ದೊಡ್ಡ ಹಾಯಿಗೆ ಹಲವು ಹೆಂಗಸರ ಕೈಗಳು ವರ್ಷಗಟ್ಟಲೆ ದುಡಿಯಬೇಕಿತ್ತು. ಹಡಗಿನ ಮರದ ಕೆಲಸಕ್ಕಿಂತ ಹಾಯಿಯ ಕೆಲಸಕ್ಕೆ ಹೆಚ್ಚು ಸಮಯ ಹಿಡಿದಿರಬಹುದು ಎಂದು ಪ್ರಯೋಗ ಮಾಡಿ ನೋಡಿದವರು ಹೇಳುತ್ತಾರೆ. ಇಂಗ್ಲೆಂಡಿನ ಲಿಂಡಿಸ್ಫಾರ್ನ್ ಮಠದ ಮೇಲೆ 793ರಲ್ಲಿ ದಾಳಿ ನಡೆಯಿತು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆ ದಾಳಿಕೋರರ ಬಟ್ಟೆ ನೇಯ್ದವರ ಹೆಸರು ಒಂದರಲ್ಲೂ ಇಲ್ಲ. ನಾರ್ವೆಯ ಶ್ರೀಮಂತ ಹೆಂಗಸರ ಸಮಾಧಿಗಳಲ್ಲಿ ಹೊಕ್ಕು ಬಡಿಯುವ ಉದ್ದನೆಯ ಸಲಕರಣೆ ಸಿಗುತ್ತದೆ, ಕಬ್ಬಿಣದ್ದು ಅಥವಾ ತಿಮಿಂಗಿಲದ ಮೂಳೆಯದು. ಆಕಾರ ಥೇಟು ಕತ್ತಿಯೇ.

ಹಾಗೆಂದು ಅವರ ಅಂತಸ್ತು ಮಗ್ಗಕ್ಕೆ ಸೀಮಿತವಾಗಿತ್ತು ಎನ್ನುತ್ತಿಲ್ಲ. ನಾರ್ವೆಯ ಓಸೆಬೆರ್ಗ್‌ನಲ್ಲಿ 1904ರಲ್ಲಿ ಅಗೆದು ತೆಗೆದ ಭವ್ಯ ಹಡಗು-ಸಮಾಧಿ 834ರದು. ಒಳಗಿದ್ದವರು ಇಬ್ಬರು ಹೆಂಗಸರು, ಒಬ್ಬಳು ಎಪ್ಪತ್ತು ದಾಟಿದವಳು, ಇನ್ನೊಬ್ಬಳು ಐವತ್ತರ ಆಸುಪಾಸಿನವಳು. ಕೆತ್ತನೆಯ ಬಂಡಿ, ಜಾರುಬಂಡಿಗಳು, ಕುದುರೆಗಳ ಹಿಂಡು, ಮಗ್ಗ, ಚಿತ್ರಗಳನ್ನು ನೇಯ್ದ ಕಿರಿದಗಲದ ಬಟ್ಟೆ ಎಲ್ಲವೂ ಜೊತೆಗಿದ್ದವು. ಅಂತಹ ವೈಭವದ ಸಮಾಧಿ ಆ ಕಾಲದ ಎಷ್ಟೋ ದೊರೆಗಳಿಗೂ ಸಿಕ್ಕಿಲ್ಲ.

ಕಡಲಹಕ್ಕಿ:

ಮಗ್ಗದಾಕೆ ಅವರೇ, ಹಾಯಿಯ ವಿಷಯ ನನಗೆ ಹೊಳೆದೇ ಇರಲಿಲ್ಲ, ತುಂಬಾ ಧನ್ಯವಾದ. ಕಾನೂನು ಏನು ಹೇಳುತ್ತಿತ್ತು? ಗಂಡನನ್ನು ಬಿಡುವ ಹಕ್ಕು ಇತ್ತೇ?

ಮಗ್ಗದಾಕೆ:

ಇತ್ತು. ಸ್ಪೇನಿನ ಕಡೆಯಿಂದ ಬಂದ ಪ್ರವಾಸಿ ಅಲ್ ತರ್ತೂಶಿ 965ರ ಸುಮಾರಿಗೆ ಆಗ ಡೆನ್ಮಾರ್ಕಿನದಾಗಿದ್ದ ಹೆಡೆಬಿ ಎಂಬ ವ್ಯಾಪಾರದ ಊರಿಗೆ ಹೋಗಿದ್ದ. ಅಲ್ಲಿನ ಹೆಂಗಸರು ಬೇಕೆಂದಾಗ ಗಂಡನಿಂದ ಬೇರೆಯಾಗುತ್ತಾರೆ ಎಂದು ಅಚ್ಚರಿಯಿಂದ ದಾಖಲಿಸಿದ್ದಾನೆ. ಸಾಕಲಾಗದ ಕೂಸುಗಳನ್ನು ಸಮುದ್ರಕ್ಕೆ ಎಸೆಯುತ್ತಾರೆ ಎಂದೂ ಅವನೇ ಬರೆದಿದ್ದಾನೆ. ಎರಡನ್ನೂ ಒಟ್ಟಿಗೇ ಓದಿ.

ಐಸ್‌ಲ್ಯಾಂಡಿನ ಗ್ರಾಗಾಸ್ ಕಾನೂನಿನಲ್ಲಿ ಮಗನಿದ್ದರೆ ಆಸ್ತಿ ಮೊದಲು ಅವನಿಗೆ, ಮಗಳ ಸರದಿ ಅವನ ನಂತರ. ಹೆಣ್ಣು ನ್ಯಾಯಾಧೀಶೆಯಾಗುವಂತಿಲ್ಲ. ಗಂಡಸಿನ ಬಟ್ಟೆ ತೊಟ್ಟರೆ, ಆಯುಧ ಹಿಡಿದು ತಿರುಗಿದರೆ ಶಿಕ್ಷೆ. ಯಾರೂ ಮಾಡದ ಕೆಲಸವನ್ನು ಕಾನೂನು ನಿಷೇಧಿಸುವುದಿಲ್ಲವಲ್ಲ! ಲಕ್ಸ್‌ಡೇಲಾ ಸಾಗಾದಲ್ಲಿ (ಸಾಗಾ ಎಂದರೆ ಐಸ್‌ಲ್ಯಾಂಡಿನ ಹಳೆಯ ಗದ್ಯಕಥನ) ಔದ್ ಎಂಬವಳ ಪ್ರಸಂಗ ಬರುತ್ತದೆ. ಗಂಡಸರಂತೆ ಇಜಾರ ತೊಡುತ್ತಾಳೆ ಎಂಬ ನೆಪ ಹೇಳಿ ಗಂಡ ಥೋರ್ಡ್ ಅವಳನ್ನು ಬಿಟ್ಟ. ಅವಳು ಇಜಾರ ತೊಟ್ಟು ರಾತ್ರಿ ಕುದುರೆಯೇರಿ ಹೋಗಿ, ಮಲಗಿದ್ದವನನ್ನು ಕತ್ತಿಯಿಂದ ಹೊಡೆದಳು. ತೋಳು, ಎದೆ ಸೀಳಿದವು. ಬೆನ್ನಟ್ಟಿ ಹೋಗೋಣ ಎಂದವರನ್ನು ಥೋರ್ಡ್ ತಡೆದ, ಅವಳು ಮಾಡಬೇಕಾದ್ದನ್ನೇ ಮಾಡಿದ್ದಾಳೆ ಎಂದ. ಸಾಗಾ ಬರೆದದ್ದು ಹದಿಮೂರನೆಯ ಶತಮಾನದಲ್ಲಿ, ನಡೆದದ್ದೆಲ್ಲ ನಿಜವೆಂದು ಹೇಳುವುದಿಲ್ಲ. ಆದರೆ ಕೇಳುಗರಿಗೆ ಅವಳ ಕೋಪ ನ್ಯಾಯವಾಗಿ ಕಂಡಿತ್ತು ಎಂಬುದಂತೂ ತಿಳಿಯುತ್ತದೆ.

ಹಳೆಲಿಪಿ:

ಕಾನೂನಿನ ಬಗ್ಗೆ ನಿಮ್ಮ ತರ್ಕ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಪುಸ್ತಕಗಳು ಕ್ರೈಸ್ತ ಧರ್ಮ ಬಂದ ಮೇಲೆ ಬರೆದವು, ನಿಷೇಧ ಚರ್ಚಿನ ಪ್ರಭಾವದ್ದಿರಬಹುದು. ಮತ್ತೊಂದು ವಿಷಯ: ಈವರೆಗೆ ನಾವು ಮಾತನಾಡಿದ್ದೆಲ್ಲ ಸ್ವತಂತ್ರ ಹೆಂಗಸರ ಬಗ್ಗೆ. ದಾಸಿಯರನ್ನು ಮರೆಯಬಾರದು.

ಮಗ್ಗದಾಕೆ:

ಚರ್ಚಿನ ಮಾತು ಯೋಚಿಸಬೇಕಾದದ್ದೇ. ದಾಸಿಯರ ವಿಷಯ ಎತ್ತಿದ್ದಕ್ಕೆ ನಿಮಗೆ ಕೃತಜ್ಞಳು. 922ರಲ್ಲಿ ವೋಲ್ಗಾ ತೀರದಲ್ಲಿ ಅರಬ್ ಪ್ರವಾಸಿ ಇಬ್ನ್ ಫದ್ಲಾನ್ ಕಣ್ಣಾರೆ ಕಂಡ ರುಸ್ ಮುಖಂಡನ ಶವಸಂಸ್ಕಾರವನ್ನು ಕಡಲಹಕ್ಕಿ ಅವರು ಖಂಡಿತ ಹೇಳಬೇಕು. ದಾಸಿ ಹುಡುಗಿಯೊಬ್ಬಳಿಗೆ ಮದ್ಯ ಕುಡಿಸಿದರು, ಗಂಡಸರು ಒಬ್ಬರಾದ ಮೇಲೊಬ್ಬರು ಅವಳನ್ನು ಕೂಡಿದರು, ಆಮೇಲೆ ಹಗ್ಗ ಬಿಗಿದು ಇರಿದು ಕೊಂದರು. ಅವಳ ಕೂಗು ಬೇರೆ ಹುಡುಗಿಯರಿಗೆ ಕೇಳದಿರಲಿ ಎಂದು ಹೊರಗೆ ಗುರಾಣಿಗಳನ್ನು ಬಡಿಯುತ್ತಿದ್ದರು. ಇರಿದವಳೂ ಒಬ್ಬ ಮುದುಕಿಯೇ. ಇದನ್ನು ಓದಿದ ಮೇಲೆ, ವೈಕಿಂಗ್ ಹೆಣ್ಣು ಸ್ವತಂತ್ರಳಾಗಿದ್ದಳು ಎಂದು ಯಾರಾದರೂ ಒಂದೇ ಉಸಿರಿನಲ್ಲಿ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಯಾವ ಹೆಣ್ಣು, ಯಾರ ಮನೆಯವಳು ಎಂದು ಮೊದಲು ಕೇಳಬೇಕು.

ಭಾಷಣವನ್ನು ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸುತ್ತಿದ್ದರೆ ನನ್ನ ಸಲಹೆ ಹಿಲ್ಲೆರ್‌ಶೋ ಶಾಸನ. ಮೆಲಾರೆನ್ ಸರೋವರದ್ದೇ ಇನ್ನೊಂದು ದ್ವೀಪದಲ್ಲಿ, ಬಂಡೆಯ ಮೇಲೆ ಹನ್ನೊಂದನೆಯ ಶತಮಾನದಲ್ಲಿ ಕೊರೆದದ್ದು. ಗೈರ್‌ಲೌಗ್ ಎಂಬ ಹೆಂಗಸನ್ನು ಹುಡುಗಿಯಾಗಿದ್ದಾಗಲೇ ಮದುವೆ ಮಾಡಿದರು. ಗಂಡ ನೀರಿನಲ್ಲಿ ಮುಳುಗಿ ಸತ್ತ, ಮಗನೂ ಸತ್ತ. ಎರಡನೆಯ ಮದುವೆಯ ಮಕ್ಕಳಲ್ಲಿ ಇಂಗಾ ಎಂಬ ಮಗಳು ಮಾತ್ರ ಉಳಿದಳು. ಇಂಗಾಳ ಗಂಡ ಸತ್ತ, ಅವನ ನಂತರ ಮಗನೂ ಸತ್ತ, ಆಸ್ತಿ ಆ ಮಗನಿಂದ ತಾಯಿ ಇಂಗಾಳಿಗೆ ಬಂತು. ಅವಳು ಮತ್ತೆ ಮದುವೆಯಾಗಿ ತೀರಿಕೊಂಡಾಗ ಮಗಳದ್ದೆಲ್ಲ ಗೈರ್‌ಲೌಗ್‌ಳ ಕೈ ಸೇರಿತು. ಇಷ್ಟು ಸಾವುಗಳ ಲೆಕ್ಕವನ್ನು ಎಲ್ಲರೂ ಓದುವಂತೆ ಬಂಡೆಗೆ ಹತ್ತಿಸಿದ್ದು ಆ ಆಸ್ತಿ ಯಾರದು ಎಂದು ಯಾರೂ ತಗಾದೆ ತೆಗೆಯದಿರಲಿ ಎಂದೇ ಇರಬೇಕು. ಅವಳ ವಂಶವೃಕ್ಷವನ್ನು ಹಲಗೆಯ ಮೇಲೆ ಬರೆದು ತೋರಿಸಿ, ಬಾಯಲ್ಲಿ ಹೇಳಿದರೆ ಹೆಸರುಗಳು ಗೋಜಲಾಗುತ್ತವೆ.