ಸಂಡಿಗೆ, ಬಿಸಿಲು, ಮಂಗಳವಾರದ ಮಾತ್ರೆ

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ ಕಣೇ. ಟೈಪ್ ಮಾಡೋಕೆ ನನ್ನ ಬೆರಳು ಬಗ್ಗಲ್ಲ, ಅದಕ್ಕೇ ಮಾತಾಡ್ತಿದೀನಿ. ಕುಕ್ಕರ್ ಇಟ್ಟಿದೀನಿ, ಕೂಗಿದ್ರೆ ಎದ್ದು ಹೋಗ್ತೀನಿ. ನಿಮ್ಮಮ್ಮಂಗೆ ಕೀಲುನೋವಿಗೆ, ಅದೇ ರುಮಟಾಯ್ಡಿಗೆ, ಮೆಥೋಟ್ರೆಕ್ಸೇಟ್ ಶುರು ಮಾಡಿದಾರೆ, ಡಬ್ಬಿ ಒಳಗಿನ ಚೀಟೀಲಿ ಬಿಸಿಲು, ಚರ್ಮದ ಕ್ಯಾನ್ಸರ್ ಅಂತೆಲ್ಲ ಇದೆ, ನಿಲ್ಲಿಸಿಬಿಡ್ಲಾ ಅಂತ ಕೇಳಿದೀಯ. ತಡಿ, ಅದಕ್ಕೆ ಬರ್ತೀನಿ. ಮೊದಲು ನನ್ನ ಕೈ ಕಥೆ ಕೇಳು.

2024, ಏಪ್ರಿಲ್ 24, ಬುಧವಾರ. ತಾರೀಖು ಯಾಕೆ ನೆನಪು ಅಂದ್ರೆ ಅವತ್ತು ನಮ್ಮ ಬೆಂಗಳೂರಲ್ಲಿ ನೆರಳೇ ಬೀಳದ ದಿನ, ಸೂರ್ಯ ನೆಟ್ಟಗೆ ನೆತ್ತಿ ಮೇಲೆ. ಗುಂಡ ರಜಾಕ್ಕೆ ಬಂದಿದ್ದ. ಸ್ಟೀಲ್ ಲೋಟ ಬೋರಲು ಹಾಕ್ಕೊಂಡು ಟೆರೇಸಲ್ಲಿ ಕಾದು ಕೂತಿದ್ದ. ಹನ್ನೆರಡೂ ಕಾಲು ದಾಟಿದ್ದೇ, 'ಅಜ್ಜೀ, ಲೋಟದ ನೆರಳು ಮಾಯ!' ಅಂತ ಕುಣಿದ. ನಾನು ಪಕ್ಕದಲ್ಲೇ. ಒಂಬತ್ತೂವರೆಯಿಂದ ಬಗ್ಗಿಕೊಂಡು ಸಬ್ಬಕ್ಕಿ ಸಂಡಿಗೆ ಇಡ್ತಿದ್ದೆ, ನಿಮ್ಮ ದೊಡ್ಡಪ್ಪನ ಹಳೇ ಪಂಚೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು. ನಂಗೂ ಅದೇ ಮೆಥೋಟ್ರೆಕ್ಸೇಟೇ ಕಣೇ, ಹಿಂದಿನ ರಾತ್ರಿಯಷ್ಟೇ ಮಂಗಳವಾರದ ಮಾತ್ರೆ ನುಂಗಿದ್ದೆ. ಗಾಳಿ ಬೀಸ್ತಿತ್ತು ನೋಡು, ಸುಡ್ತಿದೆ ಅಂತ ಅನ್ನಿಸ್ಲೇ ಇಲ್ಲ. ನಮ್ಮೂರು 900 ಮೀಟರ್ ಎತ್ತರದಲ್ಲಿರೋದು, ಗಾಳಿ ತಂಪು ಅಂತ ಮೋಸ ಹೋಗ್ತೀವಿ, ಬಿಸಿಲು ತನ್ನ ಕೆಲಸ ಮಾಡ್ತಾನೇ ಇರತ್ತೆ.

ಸಾಯಂಕಾಲ ದೀಪ ಹಚ್ಚೋ ಹೊತ್ತಿಗೆ ಎರಡೂ ಮುಂಗೈ ಊದಿಕೊಂಡು ಬಳೆ ಕದಲ್ತಿಲ್ಲ. ಸೋಪು ಹಚ್ಚಿ ಒಂದೊಂದೇ ಜಾರಿಸಿದೆ. ಬಳೆ ಇದ್ದ ಕಡೆ ಮಾತ್ರ ತೆಳ್ಳಗೆ ಗೆರೆ ಗೆರೆ, ಮಿಕ್ಕಿದ್ದೆಲ್ಲ ಸುಟ್ಟ ಬದನೆಕಾಯಿ. ಬೆಳಗ್ಗೆಗೆ ಬೊಬ್ಬೆ. ತಣ್ಣೀರಿಗೆ ಹಿಡಿಯೋಣ ಅಂದ್ರೆ ಆ ಬೇಸಿಗೇಲಿ ನಲ್ಲೀಲಿ ನೀರೆಲ್ಲಿತ್ತು, ಟ್ಯಾಂಕರ್ ಬಂದ್ರೆ ಉಂಟು. ಯಾವುದೋ ಅಲರ್ಜಿ ಅಂತ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಬಳಿದುಕೊಂಡೆ, ನನ್ನ ಬುದ್ಧಿಗಿಷ್ಟು. ಶುಕ್ರವಾರ ಓಟಿಗೆ ಹೋದ್ರೆ ಶಾಯಿ ಹಚ್ಚೋ ಹುಡುಗಿ ನನ್ನ ಕೈ ಹಿಡಿಯೋಕೇ ಹಿಂಜರಿದಳು.

ಸೋಮವಾರ ಚರ್ಮದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವ ಮಾತ್ರೆ ತಗೋತೀರಿ ಅಂತ. ಹೇಳಿದೆ. 'ಬಿಸಿಲೊಂದೇ ಅಲ್ಲಮ್ಮ, ಮಾತ್ರೆನೂ ಸೇರಿಕೊಂಡಿದೆ' ಅಂದ್ರು. ಅದಕ್ಕೇ ಹೇಳೋದು, ಹತ್ತರಿಂದ ನಾಲ್ಕರ ತನಕ ನಿಮ್ಮಮ್ಮನ್ನ ಟೆರೇಸಿಗೆ ಕಳಿಸ್ಬೇಡ. ಬಟ್ಟೆ ಒಣಗಿಸೋಕೂ ಬೇಡ. ಹತ್ತರಿಂದ ನಾಲ್ಕು, ಕೇಳಿಸ್ತಾ?

ಇನ್ನೊಂದು ಹೇಳ್ತೀನಿ, ಬೇಜಾರಾದ್ರೆ ಆಗ್ಲಿ. ಹಾಗೆ ಕೈ ಸುಟ್ಟುಕೊಂಡು ಮಾಡಿದ ಸಂಡಿಗೆ ಎರಡು ಡಬ್ಬ ಮೈಸೂರಿಗೆ ಹೋಯ್ತು. ಹೇಗಿದೆ ಅಂತ ಒಂದು ಫೋನಿಲ್ಲ. ಸಂಡಿಗೆ ಹೋಗ್ಲಿ, ಡಬ್ಬಗಳು ನಮ್ಮಮ್ಮ ಕೊಟ್ಟಿದ್ದು, ಮುಚ್ಚಳದ ಮೇಲೆ ಹೆಸರು ಕೆತ್ತಿಸಿದ್ದು, ಅವೂ ವಾಪಸ್ ಬಂದಿಲ್ಲ. ಯಾರು ಅಂತ ನಾನು ಹೇಳಲ್ಲ. ಈ ಗ್ರೂಪಲ್ಲೇ ಇದಾರೆ, ಕೇಳಿಸ್ಕೋತಿದಾರೆ. ಮದುವೆಗೆ ಬಂದಾಗಲೂ ಕೈ ಬೀಸ್ಕೊಂಡು ಬಂದ್ರು.

ಅಯ್ಯೋ, ಪುಟ್ಟಿ ಕೇಳಿದ್ದೇ ಬೇರೆ. ಮಾತ್ರೆ ನಿಲ್ಲಿಸ್ಬೇಡ ಕಣೇ! ನೀವಾಗಿ ನಿಲ್ಲಿಸಿದ್ರೆ ಕೀಲು ಮತ್ತೆ ಕೆರಳತ್ತೆ, ಒಂದ್ಸಲ ಸವೆದ ಕೀಲು ಹಿಂದಿನ ಹಾಗಾಗಲ್ಲ, ನನ್ನ ಬೆರಳೇ ಸಾಕ್ಷಿ. ಏನಿದ್ರೂ ರುಮಟಾಲಜಿಸ್ಟನ್ನ, ಅದೇ ಕೀಲಿನ ಡಾಕ್ಟರನ್ನ, ಕೇಳಿ. ಮತ್ತೆ ಅದು ವಾರಕ್ಕೊಂದೇ ದಿನದ ಮಾತ್ರೆ. ದಿನಾ ತಗೊಂಡ್ರೆ ಪ್ರಾಣಕ್ಕೇ ಬರತ್ತೆ, ಕ್ಯಾಲೆಂಡರಲ್ಲಿ ಗುರುತು ಹಾಕು.

ಕ್ಯಾನ್ಸರ್ ವಿಷಯ ಆ ಚರ್ಮದ ಡಾಕ್ಟರು ಹೀಗೆ ಬಿಡಿಸಿ ಹೇಳಿದ್ರು. ಮೈಯ ಕಾವಲಿನವನು, ಅದೇ ರೋಗ ತಡೆಯೋ ಶಕ್ತಿ, ನಮ್ಮ ಕೀಲನ್ನೇ ಹೊಡೀತಿದಾನೆ ಅಂತ ಅವನನ್ನ ಮೆತ್ತಗೆ ಮಾಡೋ ಮಾತ್ರೆ ಇದು. ಚರ್ಮದಲ್ಲಿ ಕೆಟ್ಟ ಜೀವಕೋಶ ಹುಟ್ಟಿದ್ರೆ ಅಟ್ಟಬೇಕಾದವನೂ ಅವನೇ, ತೂಕಡಿಸ್ತಾನೆ. ಹಾಗಾಗಿ ಅಪಾಯ ಒಂಚೂರು ಜಾಸ್ತಿ, ಹೆದರಿ ಕೂರೋಷ್ಟಲ್ಲ. ನಮ್ಮಂಥ ಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಕಮ್ಮಿಯೇ, ಆದ್ರೆ ನಮಗೆಲ್ಲಿ ಬರತ್ತೆ ಅಂತ ನೋಡಿಕೊಳ್ಳದೆ ತಡ ಮಾಡ್ತೀವಂತೆ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಮೇಲಿನದು ತಗೋ. ಮುಖಕ್ಕೂ ಕತ್ತಿಗೂ ಎರಡು ಬೆರಳುದ್ದ, ಕಿವಿ ಮರೀಬೇಡ, ಹೊರಗಿದ್ರೆ ಎರಡು ಗಂಟೆಗೊಮ್ಮೆ ಮತ್ತೆ. ಬಸ್ಸಲ್ಲಿ ಕಿಟಕಿ ಗಾಜಿದೆ ಅಂತ ಬಿಡ್ಬೇಡ, ಗಾಜು ಎಲ್ಲಾ ಕಿರಣನೂ ತಡೆಯಲ್ಲ. ಉದ್ದ ತೋಳಿನ ಕಾಟನ್ ರವಿಕೆ, ಕೊಡೆ.

ತಿಂಗಳಿಗೊಮ್ಮೆ ಸ್ನಾನ ಆದ್ಮೇಲೆ ನೀನೇ ಅಮ್ಮನ ಮೈ ನೋಡು. ಬೆನ್ನು, ಅಂಗಾಲು, ಉಗುರಿನ ಕೆಳಗೂ. ಆಕಾರ ಬದಲಾದ ಮಚ್ಚೆ, ತಿಂಗಳಾದ್ರೂ ಮಾಯದ ಹುಣ್ಣು ಕಂಡ್ರೆ ಫೋಟೋ ತೆಗೆದಿಟ್ಟು ಚರ್ಮದ ಡಾಕ್ಟರ ಹತ್ರ ಕರ್ಕೊಂಡು ಹೋಗು. ಗ್ರೂಪಿಗೆ ಹಾಕ್ಬೇಡ ಮತ್ತೆ, ನಿಮ್ಮ ಚಿಕ್ಕಪ್ಪ ಅದಕ್ಕೂ ಹೂವಿನ ಗುಡ್ ಮಾರ್ನಿಂಗ್ ಕಳಿಸ್ತಾರೆ. ಕುಕ್ಕರ್ ಮೂರು ಸಲ ಕೂಗ್ತು, ಇಡ್ತೀನಿ.